ಎರಡನೇ ಸ್ಥಾನಕ್ಕೇರಿ ಹೆಸರು ಕಳೆದುಕೊಂಡ ಕಾರು: ಇ-ಎಂ-ಎಫ್ ಪ್ರಕರಣ

1911ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಕಾರು ಮಾಡಿದ ಕಂಪನಿ ಫೋರ್ಡ್. ಅದು ಯಾರು ಬೇಕಾದರೂ ಊಹಿಸುವ ಉತ್ತರ. ಎರಡನೇ ಸ್ಥಾನದಲ್ಲಿ ಯಾರಿದ್ದರು ಅಂತ ಕೇಳಿದರೆ ಬ್ಯೂಕ್, ಕ್ಯಾಡಿಲಾಕ್ ಅನ್ನುವವರೇ ಜಾಸ್ತಿ. ಸರಿಯಾದ ಉತ್ತರ ಕುದುರೆ ಗಾಡಿ ಕಂಪನಿ ಸ್ಟೂಡಿಬೇಕರ್‌ನ ಕೈ ಸೇರಿದ್ದ ಇ-ಎಂ-ಎಫ್. ಆ ವರ್ಷ ಅವರ ಕಾರ್ಖಾನೆಗಳಿಂದ ಹೊರಬಿದ್ದದ್ದು 26,827 ಕಾರು. 1912ರಲ್ಲಿ ಅದು 28,032ಕ್ಕೆ ಏರಿತು. ಅದೇ ವರ್ಷ ಇ-ಎಂ-ಎಫ್ ಎಂಬ ಹೆಸರನ್ನೇ ಕೈಬಿಟ್ಟರು. 1908ರಲ್ಲಿ ಹುಟ್ಟಿದ ಕಾರು ನಾಲ್ಕೇ ವರ್ಷದಲ್ಲಿ ಇಲ್ಲವಾಯಿತು.

ಆಗ ಅಮೆರಿಕದಲ್ಲಿ ಕಾರು ಕಂಪನಿಗಳು ಹುಟ್ಟುವುದು, ಮುಳುಗುವುದು ಎರಡೂ ದಿನದ ಸುದ್ದಿ. ಹಿತ್ತಾಳೆ ದೀಪ, ಹಿತ್ತಾಳೆ ರೇಡಿಯೇಟರ್, ಹಿತ್ತಾಳೆ ಹಾರ್ನ್ ಇದ್ದ ಕಾರುಗಳ ಕಾಲ. ಬ್ರಾಸ್ ಯುಗ ಅಂತ ಕರೆಯುವುದು ಅದಕ್ಕೇ. ಸಾಲಾಗಿ ಮುಳುಗಿದ ಆ ಕಂಪನಿಗಳಲ್ಲಿ ಹೆಚ್ಚಿನವಕ್ಕೆ ಒಂದೋ ಕಾರು ಮಾರಾಟವಾಗಲಿಲ್ಲ, ಇಲ್ಲಾ ಕೈಯಲ್ಲಿ ದುಡ್ಡು ಉಳಿಯಲಿಲ್ಲ. ಇ-ಎಂ-ಎಫ್ ಕಾರು ಮಾತ್ರ ಭರ್ಜರಿಯಾಗಿ ಮಾರಾಟವಾಗುತ್ತಿತ್ತು. ಆದರೂ ಹೋಯಿತು. ಅದಕ್ಕೇ ಈ ಪ್ರಕರಣ ಬಿಡಿಸಿ ನೋಡುವಂಥದ್ದು.

ಸಾಮಾನ್ಯವಾಗಿ ಕೊಡುವ ಕಾರಣ ಒಂದಿದೆ. ಕಾರು ಕೆಟ್ಟದಾಗಿತ್ತು, ಪದೇ ಪದೇ ರಿಪೇರಿಗೆ ಬರುತ್ತಿತ್ತು, ಜನ ನಗಾಡಿದರು, ಮುಗಿಯಿತು. ಮೂರು ಅಕ್ಷರಗಳನ್ನು ಬಿಡಿಸಿ 'ಎವರಿ ಮಾರ್ನಿಂಗ್ ಫಿಕ್ಸ್-ಇಟ್' ಅಂತ ಅಡ್ಡಹೆಸರು ಕಟ್ಟಿದ್ದರು. ದಿನಾ ಬೆಳಗಾದರೆ ರಿಪೇರಿ ಅಂತ. ಅಡ್ಡಹೆಸರು ಚೆನ್ನಾಗಿದ್ದರೆ ಅದೇ ಇತಿಹಾಸ ಆಗಿಬಿಡುತ್ತದೆ. ನನಗೆ ಈ ಕಾರಣ ಸಾಲದು. ರಿಪೇರಿ ಕಾಟ ಇದ್ದದ್ದು ನಿಜ, ಮುಂದೆ ಹೇಳುತ್ತೇನೆ. ಆದರೆ ಇ-ಎಂ-ಎಫ್ ಹೋದದ್ದು ಕಾರು ಮಾಡುವವರು ಒಬ್ಬರು, ಮಾರುವವರು ಇನ್ನೊಬ್ಬರು ಆದ ದಿನದಿಂದ.

ಮೂವರು

ಇ ಅಂದರೆ ಬೈರನ್ ಎವರಿಟ್. ಎಲ್ಲರೂ ಬಾರ್ನಿ ಅಂತ ಕರೆಯುತ್ತಿದ್ದರು. ಕೆನಡಾದ ಒಂಟಾರಿಯೊದಿಂದ ಬಂದವನು. ಕುದುರೆ ಗಾಡಿಗಳ ಸೀಟು, ಹೊದಿಕೆ ಹೊಲಿಯುವ ಕೆಲಸದಿಂದ ಶುರುಮಾಡಿ ಡೆಟ್ರಾಯಿಟ್‌ನಲ್ಲಿ ಕಾರಿನ ಬಾಡಿ ಕಟ್ಟುವ ದೊಡ್ಡ ಗುತ್ತಿಗೆದಾರನಾದ. ಓಲ್ಡ್ಸ್, ಫೋರ್ಡ್ ಎರಡಕ್ಕೂ ಬಾಡಿ ಕೊಟ್ಟವನು.

ಎಂ ಅಂದರೆ ವಿಲಿಯಂ ಮೆಟ್ಸ್‌ಗರ್. ಸೈಕಲ್ ಅಂಗಡಿಯವನು. ಅಮೆರಿಕದ ಮೊಟ್ಟಮೊದಲ ಕಾರು ಅಂಗಡಿಗಳಲ್ಲಿ ಒಂದನ್ನು ಡೆಟ್ರಾಯಿಟ್‌ನಲ್ಲಿ ತೆರೆದ. ಆಮೇಲೆ ಕ್ಯಾಡಿಲಾಕ್‌ನ ಮಾರಾಟ ನೋಡಿಕೊಂಡ. 1903ರ ನ್ಯೂಯಾರ್ಕ್ ಆಟೋ ಶೋನಲ್ಲಿ ಅವನು ಮಾಡಿದ ಕೆಲಸವನ್ನು ಈಗಲೂ ಮಾರಾಟದವರು ನೆನೆಯುತ್ತಾರೆ. ತೋರಿಸಲು ಕೈಯಲ್ಲಿದ್ದದ್ದು ಬೆರಳೆಣಿಕೆಯ ಕಾರು. ಶೋ ಮುಗಿಯುವ ಮೊದಲೇ 2,000ಕ್ಕೂ ಹೆಚ್ಚು ಆರ್ಡರ್ ಹಿಡಿದ. ಕೊನೆಗೆ ಎಲ್ಲಾ ಮಾರಿಹೋಗಿದೆ ಅಂತ ಸಾರಿಬಿಟ್ಟ. ಇನ್ನೂ ಮಾಡದ ಕಾರಿಗೆ!

ಎಫ್ ಅಂದರೆ ವಾಲ್ಟರ್ ಫ್ಲಾಂಡರ್ಸ್. ಈ ಕಥೆಯ ನಾಯಕನೂ ಅವನೇ, ತಲೆನೋವೂ ಅವನೇ. ವರ್ಮಾಂಟ್ ರಾಜ್ಯದವನು, ಲೇಥ್ ಮುಂದೆ ನಿಂತು ಕೆಲಸ ಕಲಿತವನು. ದೊಡ್ಡ ಆಳು, ದೊಡ್ಡ ಗಂಟಲು. 1906ರಲ್ಲಿ ಹೆನ್ರಿ ಫೋರ್ಡ್ ಅವನನ್ನು ಉತ್ಪಾದನೆ ನೋಡಿಕೊಳ್ಳಲು ಕರೆತಂದ. ಅಲ್ಲಿಯವರೆಗೆ ಲೇಥ್‌ಗಳೆಲ್ಲ ಒಂದು ಕಡೆ, ಡ್ರಿಲ್ಲಿಂಗ್ ಯಂತ್ರಗಳೆಲ್ಲ ಇನ್ನೊಂದು ಕಡೆ ಇರುತ್ತಿದ್ದವು. ಒಂದು ಬಿಡಿಭಾಗ ಕಾರ್ಖಾನೆಯ ಈ ಮೂಲೆಯಿಂದ ಆ ಮೂಲೆಗೆ ಹತ್ತು ಸಲ ಓಡಾಡಬೇಕಿತ್ತು. ಫ್ಲಾಂಡರ್ಸ್ ಯಂತ್ರಗಳನ್ನು ಎತ್ತಿ, ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೋ ಅದೇ ಕ್ರಮದಲ್ಲಿ ಸಾಲಾಗಿ ಇಡಿಸಿದ. ಒಂದು ವರ್ಷದಲ್ಲಿ 10,000 ಕಾರು ಮಾಡಿಸಿದರೆ ಬೋನಸ್ ಅಂತ ಮಾತಾಗಿತ್ತು. ಗುರಿ ಮುಟ್ಟಿದ. ಅಸೆಂಬ್ಲಿ ಲೈನ್ ಅಂದ ಕೂಡಲೇ 1913ರ ಫೋರ್ಡ್ ನೆನಪಾಗುತ್ತದೆ, ಅಲ್ವಾ? ಅದರ ಅಡಿಪಾಯದಲ್ಲಿ ಈ ಮನುಷ್ಯನ ಕೈ ಇದೆ. ಆದರೆ ಫೋರ್ಡ್‌ನ ಹೆಸರಾಂತ ಕಾರು ಮಾಡೆಲ್ ಟಿ ಬರುವ ಕೆಲವೇ ತಿಂಗಳ ಮುಂಚೆ, 1908ರಲ್ಲಿ, ಅವನು ಫೋರ್ಡ್ ಬಿಟ್ಟ. ಬರುವಾಗ ಅಲ್ಲಿನ ಇಬ್ಬರು ಪಳಗಿದ ಕೈಗಳನ್ನೂ ಜೊತೆಗೆ ಕರೆತಂದ: ಥಾಮಸ್ ವಾಲ್ಬೋರ್ನ್, ಮ್ಯಾಕ್ಸ್ ವೊಲ್ಲರಿಂಗ್.

ಬಾಡಿ ಕಟ್ಟುವವನು, ಮಾರುವವನು, ಕಾರ್ಖಾನೆ ನಡೆಸುವವನು. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ಜೋಡಣೆ ಸಿಗುವುದಿಲ್ಲ. ಜಾಹೀರಾತಿಗೆ ಲೆರಾಯ್ ಪೆಲೆಟಿಯರ್ ಬಂದ. ಅವನೂ ಫೋರ್ಡ್‌ನಲ್ಲಿದ್ದವನೇ, 'ವಾಚ್ ದಿ ಫೋರ್ಡ್ಸ್ ಗೋ ಬೈ' ಎಂಬ ಘೋಷಣೆ ಬರೆದವನು. ಕಾರು ಹುಟ್ಟುವ ಮೊದಲೇ ಪೇಪರಿನಲ್ಲಿ ಸುದ್ದಿ ಹಬ್ಬಿಸುವುದರಲ್ಲಿ ಎತ್ತಿದ ಕೈ.

ಕಾರ್ಖಾನೆಯನ್ನೂ ಹೊಸದಾಗಿ ಕಟ್ಟಬೇಕಾಗಲಿಲ್ಲ. ಡೆಟ್ರಾಯಿಟ್‌ನಲ್ಲಿ ಆಗಲೇ ವೇಯ್ನ್ ಅಂತ ಒಂದು, ನಾರ್ದರ್ನ್ ಅಂತ ಇನ್ನೊಂದು ಕಾರು ಕಂಪನಿ ಇದ್ದವು. ಎರಡನ್ನೂ ಸೇರಿಸಿ ಇ-ಎಂ-ಎಫ್ ಮಾಡಿದರು. ವೇಯ್ನ್ ಕಾರ್ಖಾನೆ ಇದ್ದದ್ದು ಪಿಕೆಟ್ ಅವೆನ್ಯೂದಲ್ಲಿ. ಅದೇ ರಸ್ತೆಯಲ್ಲಿ, ಪಕ್ಕದಲ್ಲೇ, ಫೋರ್ಡ್ ಕಾರ್ಖಾನೆ. ಅಂದರೆ ಫ್ಲಾಂಡರ್ಸ್ ಕೆಲಸ ಬಿಟ್ಟು ಹೋದದ್ದು ಒಂದು ಕಟ್ಟಡದಿಂದ ಪಕ್ಕದ ಕಟ್ಟಡಕ್ಕೆ.

ಕಾರು ಹೇಗಿತ್ತು

ವೇಯ್ನ್ ಕಂಪನಿಯ ಎಂಜಿನಿಯರ್ ವಿಲಿಯಂ ಕೆಲ್ಲಿ ವಿನ್ಯಾಸ ಮಾಡಿದ ಕಾರಿಗೆ ಇ-ಎಂ-ಎಫ್ 30 ಅಂತ ಹೆಸರು. 30 ಅಂದರೆ 30 ಅಶ್ವಶಕ್ತಿ. ನಾಲ್ಕು ಸಿಲಿಂಡರ್, ಒಂದೊಂದರ ಬೋರ್ (ಒಳಗಿನ ಅಗಲ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ನಾಲ್ಕೂವರೆ ಇಂಚು, ಒಟ್ಟು 226 ಘನ ಇಂಚು. ನಮ್ಮ ಲೆಕ್ಕದಲ್ಲಿ 3.7 ಲೀಟರ್. ಇಂದಿನ ಚಿಕ್ಕ ಕಾರಿನ 1.2 ಲೀಟರ್ ಎಂಜಿನ್ ಅದರ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ ಅನ್ನುವುದು ಬೇರೆ ಮಾತು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 106 ಇಂಚು. ಸ್ಟೀರಿಂಗ್ ಬಲಗಡೆ, ನಮ್ಮ ಕಾರುಗಳ ಹಾಗೆ. ಆಗಿನ ಅಮೆರಿಕದಲ್ಲಿ ಅದು ಮಾಮೂಲಿ. ಎಡಗಡೆ ಸ್ಟೀರಿಂಗ್ ತಂದು ರೂಢಿ ಮಾಡಿದ್ದು ಮಾಡೆಲ್ ಟಿ. ಬೆಲೆ 1,250 ಡಾಲರ್.

ಈ ಬೆಲೆಯನ್ನು ಗಮನಿಸಬೇಕು. ಅದೇ 1908ರ ಅಕ್ಟೋಬರಿನಲ್ಲಿ ಬಂದ ಮಾಡೆಲ್ ಟಿ 850 ಡಾಲರ್, 20 ಅಶ್ವಶಕ್ತಿ. ಇನ್ನೊಂದು ಕಡೆ, ಗಟ್ಟಿಮುಟ್ಟಾದ ದೊಡ್ಡ ಕಾರು ಬೇಕು ಅಂದರೆ 2,000 ಡಾಲರ್ ದಾಟುತ್ತಿತ್ತು. ಇ-ಎಂ-ಎಫ್ ಇವೆರಡರ ನಡುವೆ ಬಂದು ಕೂತಿತು. ಊರಿನ ಡಾಕ್ಟರು, ಅನುಕೂಲಸ್ಥ ರೈತರು, ಅಂಗಡಿಯವರು ಇಂಥ ಕಾರಿಗೆ ಕಾಯುತ್ತಿದ್ದರು.

ಈಗ ರಿಪೇರಿಯ ಮಾತು. ಎರಡು ದೋಷಗಳನ್ನು ಹತ್ತಿರದಿಂದ ನೋಡೋಣ.

ಮೊದಲನೆಯದು ನೀರು. ಮೊದಮೊದಲ ಕಾರುಗಳಲ್ಲಿ ನೀರಿನ ಪಂಪ್ ಇರಲಿಲ್ಲ. ಥರ್ಮೋಸೈಫನ್ ಎಂಬ ವ್ಯವಸ್ಥೆ ಇತ್ತು. ಎಂಜಿನ್ ಸುತ್ತಲಿನ ನೀರು ಬಿಸಿಯಾದರೆ ಹಗುರಾಗಿ ಮೇಲಕ್ಕೇರುತ್ತದೆ. ಮೇಲಿನ ಕೊಳವೆಯಿಂದ ರೇಡಿಯೇಟರ್ ಸೇರುತ್ತದೆ, ಅಲ್ಲಿ ತಣ್ಣಗಾಗಿ ಕೆಳಗಿಳಿಯುತ್ತದೆ, ಕೆಳಗಿನ ಕೊಳವೆಯಿಂದ ಮತ್ತೆ ಎಂಜಿನ್‌ಗೆ ಬರುತ್ತದೆ. ಪಂಪ್ ಇಲ್ಲದ ಮೇಲೆ ಪಂಪ್ ಕೆಡುವ ಭಯವೂ ಇಲ್ಲ. ಕೇಳಲು ಸೊಗಸು. ಆದರೆ ಕೊಳವೆ ಸಾಕಷ್ಟು ದಪ್ಪ ಇರಬೇಕು, ರೇಡಿಯೇಟರ್ ಎಂಜಿನ್ನಿನ ಕಾವಿಗೆ ತಕ್ಕಷ್ಟು ದೊಡ್ಡದಿರಬೇಕು, ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗೆ ಇಳಿಯಲೇಬಾರದು. ಇಳಿದರೆ ಸುತ್ತು ನಿಲ್ಲುತ್ತದೆ, ನೀರು ಕುದಿಯುತ್ತದೆ. ಇ-ಎಂ-ಎಫ್‌ಗೆ ಆದದ್ದು ಅದೇ, ಎಂಜಿನ್ ಕಾಯುತ್ತಿತ್ತು. ಕಂಪನಿ ಬೇಗ ಎಚ್ಚೆತ್ತುಕೊಂಡು ಪಂಪ್ ಹಾಕಿತು.

ತಮಾಷೆ ಏನೆಂದರೆ, ಪಕ್ಕದ ಕಟ್ಟಡದಲ್ಲಿ ಫೋರ್ಡ್ ಇದರ ತಿರುಗುಮುರುಗು ಮಾಡುತ್ತಿದ್ದ. ಮಾಡೆಲ್ ಟಿಯ ಮೊದಲ ಸುಮಾರು 2,500 ಕಾರಿಗೆ ನೀರಿನ ಪಂಪ್ ಇತ್ತು. ಆಮೇಲೆ ಅದನ್ನು ಕಿತ್ತು ಥರ್ಮೋಸೈಫನ್ ಹಾಕಿದ. ಟಿ ಅದರಲ್ಲೇ 1927ರವರೆಗೆ ಓಡಿತು. ಹಾಗಾಗಿ ಥರ್ಮೋಸೈಫನ್ ಅಂದರೆ ದಡ್ಡತನ ಅನ್ನುವ ಹಾಗಿಲ್ಲ. ಅಳತೆ ಕೂಡಿಬರಬೇಕು, ಅಷ್ಟೇ.

ಎರಡನೇ ದೋಷ ಇನ್ನೂ ಆಳದ್ದು. ಇ-ಎಂ-ಎಫ್ 30ರ ಗೇರ್‌ಬಾಕ್ಸ್ ಎಂಜಿನ್ ಬೆನ್ನಿಗೆ ಇರಲಿಲ್ಲ. ಮೂರು ಗೇರಿನ ಪೆಟ್ಟಿಗೆಯನ್ನು ಹಿಂದಿನ ಆಕ್ಸಲ್‌ಗೇ ಸೇರಿಸಿ, ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಜೊತೆ ಒಂದೇ ಗಂಟು ಮಾಡಿದ್ದರು. ಇಂದು ಟ್ರಾನ್ಸ್‌ಆಕ್ಸಲ್ ಅನ್ನುತ್ತೇವಲ್ಲ, ಅದು. ಜೋಡಿಸಲು ಸುಲಭ, ಬಿಡಿ ಪೆಟ್ಟಿಗೆಗಳು ಕಡಿಮೆ. ತೊಂದರೆ ಏನೆಂದರೆ ಈ ಭಾರ ಪೂರ್ತಿ ಸ್ಪ್ರಿಂಗಿನ ಕೆಳಗೆ. ಚಕ್ರ ಗುಂಡಿಗೆ ಬಿದ್ದಾಗ ಮೇಲೆ ಕೂತವರಿಗೆ ಸ್ಪ್ರಿಂಗ್ ರಕ್ಷಣೆ ಇದೆ. ಆಕ್ಸಲ್ ಮೇಲಿರುವ ಗೇರುಗಳಿಗೆ ಇಲ್ಲ. ಪ್ರತಿ ಏಟೂ ನೇರ ಅವಕ್ಕೇ. 1909ರ ಅಮೆರಿಕದ ಹಳ್ಳಿ ರಸ್ತೆ ಅಂದರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಗಟ್ಟಿಯಾದ ಗಾಡಿ ಜಾಡು. ಇ-ಎಂ-ಎಫ್ ಮಾಲೀಕರ ದೂರುಗಳಲ್ಲಿ ಹಿಂದಿನ ಆಕ್ಸಲ್ಲೇ ಮೊದಲು ಬರುತ್ತದೆ. ಅದರಲ್ಲಿ ಆಶ್ಚರ್ಯ ಇಲ್ಲ.

ಹೀಗಿದ್ದರೂ ಅದೇ ಕಾರು ರೇಸಿನಲ್ಲಿ ಮರ್ಯಾದೆ ಉಳಿಸಿಕೊಂಡಿದೆ. 1911ರ ನವೆಂಬರಿನಲ್ಲಿ ಜಾರ್ಜಿಯಾದ ಸವಾನಾದಲ್ಲಿ ನಡೆದ ಟೀಡ್‌ಮನ್ ಟ್ರೋಫಿಯನ್ನು ಇ-ಎಂ-ಎಫ್ ಓಡಿಸಿದ ಫ್ರಾಂಕ್ ವಿಟ್ ಗೆದ್ದ. ಬರೀ ಡಬ್ಬ ಆಗಿದ್ದರೆ ಇದು ಆಗುತ್ತಿರಲಿಲ್ಲ.

ಗಾಡಿ ಕಂಪನಿ ಬಂತು

ಇಲ್ಲಿಂದ ಕಥೆ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ಗೆ ಹೋಗುತ್ತದೆ. ಸ್ಟೂಡಿಬೇಕರ್ ಅಣ್ಣತಮ್ಮಂದಿರು 1852ರಲ್ಲಿ ಅಲ್ಲಿ ಕಮ್ಮಾರಸಾಲೆ ತೆರೆದರು. ಮುಂದೆ ಕುದುರೆ ಗಾಡಿಯಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಗಾಡಿ ಕೊಟ್ಟವರು ಅವರು. ದೇಶದ ಮೂಲೆಮೂಲೆಯಲ್ಲಿ ಅವರ ಏಜೆಂಟರಿದ್ದರು. ರೈತನಿಗೆ ಆ ಹೆಸರು ಗೊತ್ತಿತ್ತು, ಅದರ ಮೇಲೆ ನಂಬಿಕೆಯೂ ಇತ್ತು.

ಆದರೆ ಕುದುರೆಯ ಕಾಲ ಮುಗಿಯುತ್ತಿದೆ ಅಂತ ಮನೆಯ ಅಳಿಯ ಫ್ರೆಡರಿಕ್ ಫಿಶ್‌ಗೆ ಅರ್ಥವಾಗಿತ್ತು. ವಕೀಲ, ಜಾನ್ ಸ್ಟೂಡಿಬೇಕರ್‌ನ ಮಗಳ ಗಂಡ. ಅವನ ಒತ್ತಾಯಕ್ಕೆ ಕಂಪನಿ 1902ರಲ್ಲಿ ಬ್ಯಾಟರಿ ಕಾರು ಮಾಡಿತು. 1904ರಿಂದ ಓಹಾಯೊದ ಗಾರ್ಫೋರ್ಡ್ ಕಂಪನಿಯಿಂದ ಚಾಸಿ (ಬಾಡಿ ಇಲ್ಲದ ಕಾರು) ತಂದು ಪೆಟ್ರೋಲ್ ಕಾರನ್ನೂ ಮಾರಿತು. ಗಾರ್ಫೋರ್ಡ್ ಕಾರು ಒಳ್ಳೆಯದೇ, ಆದರೆ ದುಬಾರಿ. ಶ್ರೀಮಂತರಿಗೆ ಕೆಲವನ್ನು ಮಾರಬಹುದಿತ್ತು. ಸಾವಿರಾರು ಗಾಡಿ ಏಜೆಂಟರ ಅಂಗಡಿ ತುಂಬುವಷ್ಟು ಸಿಗುತ್ತಿರಲಿಲ್ಲ.

ಒಂದು ಕಡೆ ಮಾರುವ ಜಾಲ ಇದೆ, ಮಾರಲು ಅಗ್ಗದ ಕಾರಿಲ್ಲ. ಇನ್ನೊಂದು ಕಡೆ ಕಾರಿದೆ, ಅಷ್ಟು ಮಾರಲು ಜಾಲ ಇಲ್ಲ, ಕೈಯಲ್ಲಿ ದುಡ್ಡೂ ಕಡಿಮೆ. ಒಪ್ಪಂದ ಆಗದಿದ್ದರೆ ಆಶ್ಚರ್ಯ ಪಡಬೇಕಿತ್ತು. ಇ-ಎಂ-ಎಫ್ ಶುರುವಾಗಿ ಕೆಲವೇ ತಿಂಗಳಲ್ಲಿ, ಕಾರುಗಳಲ್ಲಿ ಸುಮಾರು ಅರ್ಧವನ್ನು ಸ್ಟೂಡಿಬೇಕರ್ ಮಾರುವುದು ಅಂತ ತೀರ್ಮಾನವಾಯಿತು. ದಕ್ಷಿಣ ಮತ್ತು ಪಶ್ಚಿಮದ ರಾಜ್ಯಗಳು, ಹೊರದೇಶ, ಇವು ಅವರ ಪಾಲು. ಉಳಿದದ್ದು ಮೆಟ್ಸ್‌ಗರ್ ಪಾಲು.

ಮೇಲ್ನೋಟಕ್ಕೆ ಇಬ್ಬರಿಗೂ ಲಾಭದ ವ್ಯವಹಾರ. ಆದರೆ ಮೆಟ್ಸ್‌ಗರ್ ಜಾಗದಲ್ಲಿ ನಿಂತು ನೋಡಿ. ಅಮೆರಿಕದ ಅತ್ಯುತ್ತಮ ಕಾರು ಮಾರಾಟಗಾರ ಅನ್ನಿಸಿಕೊಂಡವನು ಪಾಲುದಾರ ಆಗಿದ್ದಾನೆ. ಅವನ ಕಂಪನಿಯ ಅರ್ಧ ಮಾಲು ಬೇರೆಯವರ ಅಂಗಡಿಗೆ ಹೋಗುತ್ತಿದೆ. ಆ ಅಂಗಡಿಗೆ ಬರುವ ಗಿರಾಕಿಯ ಕಣ್ಣಿಗೆ ಅದು ಸ್ಟೂಡಿಬೇಕರ್ ಕಾರು. ಬಾಗಿಲ ಮೇಲಿನ ಬೋರ್ಡ್ ಅದು, ರಸೀದಿ ಮೇಲಿನ ಹೆಸರೂ ಅದೇ.

1909ರ ವಸಂತಕ್ಕೆಲ್ಲ ಮನಸ್ತಾಪ ಹೊರಬಿತ್ತು. ಎವರಿಟ್, ಮೆಟ್ಸ್‌ಗರ್ ಇಬ್ಬರೂ ತಮ್ಮ ಷೇರು ಮಾರಿ ಹೊರನಡೆದರು. ಕೊಂಡದ್ದು ಸ್ಟೂಡಿಬೇಕರ್. ಇದರಿಂದ ಕಂಪನಿಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಸೌತ್ ಬೆಂಡ್‌ಗೆ ಹೋಯಿತು. ಫ್ಲಾಂಡರ್ಸ್ ಅಧ್ಯಕ್ಷನಾದ. ಕಾರುಗಳೆಲ್ಲ ಇನ್ನು ಮೇಲೆ ಸ್ಟೂಡಿಬೇಕರ್ ಮೂಲಕವೇ ಮಾರಾಟ ಅಂತಾಯಿತು.

ಈ ಪ್ರಕರಣದ ತಿರುವು ಇದೇ ಅನ್ನುವುದು ನನ್ನ ಲೆಕ್ಕ. ಇಲ್ಲಿಯವರೆಗೆ ಇ-ಎಂ-ಎಫ್‌ಗೆ ಅರ್ಧವಾದರೂ ಸ್ವಂತ ಗಿರಾಕಿಗಳಿದ್ದರು. ಈಗ ಗಿರಾಕಿ ಒಬ್ಬನೇ, ಆ ಗಿರಾಕಿಯೇ ಷೇರುದಾರ. ಜುಟ್ಟು ಪೂರ್ತಿ ಸ್ಟೂಡಿಬೇಕರ್ ಕೈಗೆ ಸಿಕ್ಕಿತು.

ಹೊರಹೋದವರು ಸುಮ್ನೆ ಕೂರಲಿಲ್ಲ. ವಿನ್ಯಾಸಕ ಕೆಲ್ಲಿಯನ್ನೂ ಸೇರಿಸಿಕೊಂಡು ಮೆಟ್ಸ್‌ಗರ್ ಮೋಟಾರ್ ಕಾರ್ ಕಂಪನಿ ತೆರೆದು, ಎವರಿಟ್ ಎಂಬ ಹೆಸರಿನ ಕಾರನ್ನು ತಂದರು. ಹಾಗಾಗಿ ಇ-ಎಂ-ಎಫ್ ಕಾರಿನ ಮೂರು ಅಕ್ಷರಗಳಲ್ಲಿ ಎರಡು ಅಕ್ಷರದವರು ಅದೇ ಊರಿನಲ್ಲಿ ಅದರ ಎದುರು ಕಾರು ಮಾರುತ್ತಿದ್ದರು.

ಫ್ಲಾಂಡರ್ಸ್‌ನ ಜಗಳ

ಒಬ್ಬನೇ ಉಳಿದ ಫ್ಲಾಂಡರ್ಸ್ ತನಗೆ ಗೊತ್ತಿದ್ದ ಕೆಲಸವನ್ನು ಮಾಡಿದ. ಕಾರ್ಖಾನೆ ಬೆಳೆಸಿದ. ಕ್ರ್ಯಾಂಕ್‌ಶಾಫ್ಟ್, ಫೋರ್ಜಿಂಗ್ (ಕಾಯಿಸಿ ಬಡಿದ ಲೋಹದ ಭಾಗ), ಬಾಡಿ ಮಾಡಿಕೊಡುತ್ತಿದ್ದವರ ಕಂಪನಿಗಳನ್ನೇ ಕೊಂಡುಕೊಂಡ. ಬೇರೆಯವರಿಂದ ತರಿಸಿದರೆ ಅವರು ತಡಮಾಡಿದಾಗ ಇವನ ಸಾಲು ನಿಲ್ಲುತ್ತಿತ್ತು. ಅದು ಅವನಿಗೆ ಆಗದ ಮಾತು. ನದಿಯಾಚೆ ಕೆನಡಾದ ವಾಕರ್‌ವಿಲ್‌ನಲ್ಲೂ ಒಂದು ಕಾರ್ಖಾನೆ ಬಂತು. ಡಿ ಲಕ್ಸ್ ಎಂಬ ಡೆಟ್ರಾಯಿಟ್ ಕಂಪನಿಯ ಕಾರ್ಖಾನೆಯನ್ನು ಕೊಂಡು, ಅಲ್ಲಿ ಚಿಕ್ಕ ಕಾರು ಮಾಡಲು ಹೊರಟ. ಹೆಸರು ಫ್ಲಾಂಡರ್ಸ್ 20, ಬೆಲೆ 750 ಡಾಲರಿಂದ.

ಇದು ನೇರ ಹೆನ್ರಿ ಫೋರ್ಡ್ ಮೇಲಿನ ಬಾಣ. 1909ರ ಕೊನೆಯಲ್ಲಿ ಫೋರ್ಡ್ ತನ್ನ ಟೂರಿಂಗ್ ಟಿ (ತೆರೆದ ಬಾಡಿಯ ಮಾಡೆಲ್ ಟಿ) ಬೆಲೆಯನ್ನು 950 ಡಾಲರಿಗೆ ಏರಿಸಿದ್ದ. ಹೈಲ್ಯಾಂಡ್ ಪಾರ್ಕಿನ ಹೊಸ ಕಾರ್ಖಾನೆಗೆ ದುಡ್ಡು ಬೇಕಿತ್ತು. ಆ ಹೊತ್ತಿಗೆ ಸರಿಯಾಗಿ, ಫೋರ್ಡ್‌ನ ಹಳೆಯ ಕಾರ್ಖಾನೆ ಯಜಮಾನ ಅದಕ್ಕಿಂತ ಕಡಿಮೆ ಬೆಲೆಗೆ ನಾಲ್ಕು ಸಿಲಿಂಡರ್ ಕಾರು ತರುತ್ತೇನೆ ಅಂದ. ಟಿಯನ್ನು ನಿಜವಾಗಿ ಹೆದರಿಸಬಹುದಾಗಿದ್ದ ಕಾರುಗಳಲ್ಲಿ ಇದೊಂದು. ಮೊದಲು ಬಂದ ಎರಡು ಗೇರಿನ ಕಾರು ಅಷ್ಟು ಚೆನ್ನಾಗಿರಲಿಲ್ಲ, ಆಮೇಲೆ ಮೂರು ಗೇರು ಹಾಕಿದರು.

ಮಾಲು ಹೀಗೆ ರಾಶಿ ಬೀಳುತ್ತಿದ್ದರೆ ಬಾಗಿಲು ಮಾತ್ರ ಒಂದೇ. ಸ್ಟೂಡಿಬೇಕರ್ ಎಷ್ಟು ತೆಗೆದುಕೊಳ್ಳಬೇಕೋ ಅಷ್ಟು ತೆಗೆದುಕೊಳ್ಳುತ್ತಿಲ್ಲ, ಸರಿಯಾಗಿ ಮಾರುತ್ತಿಲ್ಲ ಅನ್ನುವುದು ಫ್ಲಾಂಡರ್ಸ್ ದೂರು. ಕುದುರೆ ಗಾಡಿ ಏಜೆಂಟನಿಗೆ ಕಾರಿನ ಬಗ್ಗೆ ಏನು ಗೊತ್ತು, ರಿಪೇರಿ ಯಾರು ಮಾಡಬೇಕು ಎಂಬ ಪ್ರಶ್ನೆಯೂ ಇತ್ತು. 1909ರ ಡಿಸೆಂಬರಿನಲ್ಲಿ ಅವನು ಒಪ್ಪಂದವನ್ನೇ ಮುರಿದ. ಇನ್ನು ನಾವೇ ಮಾರುತ್ತೇವೆ ಅಂದ. ಸ್ಟೂಡಿಬೇಕರ್ ಕೋರ್ಟ್ ಮೆಟ್ಟಿಲೇರಿತು. ತಡೆಯಾಜ್ಞೆ, ಪ್ರತಿದೂರು, ಪೇಪರಿನಲ್ಲಿ ಹೇಳಿಕೆ, ಎಲ್ಲವೂ ನಡೆಯಿತು. ನಡುವೆ ಸಿಕ್ಕಿಕೊಂಡವರು ಏಜೆಂಟರು. ಕಾರು ಯಾರಿಂದ ತರಬೇಕು ಅನ್ನುವುದೇ ಗೊಂದಲ.

ಜಗಳ ತೀರಿದ್ದು ಕೋರ್ಟಿನಲ್ಲಿ ಅಲ್ಲ, ಬ್ಯಾಂಕಿನಲ್ಲಿ. 1910ರ ಮಾರ್ಚಿನಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕ್ ಬೆಂಬಲಕ್ಕೆ ನಿಂತು, ಉಳಿದ ಷೇರುಗಳನ್ನೂ ಸ್ಟೂಡಿಬೇಕರ್ ಕೊಂಡುಕೊಂಡಿತು. ಕೇಸುಗಳು ವಾಪಸಾದವು. ಫ್ಲಾಂಡರ್ಸ್‌ಗೆ ಕೈತುಂಬ ದುಡ್ಡು ಬಂತು, ಕಾರ್ಖಾನೆ ನಡೆಸುವ ಕೆಲಸವೂ ಉಳಿಯಿತು. ಆದರೆ ನಿನ್ನೆಯವರೆಗೆ ಮಾಲೀಕ, ಇವತ್ತಿನಿಂದ ಸಂಬಳದ ಮ್ಯಾನೇಜರ್. ಅವನಂಥವನು ಹಾಗೆ ಎಷ್ಟು ದಿನ ಇದ್ದಾನು?

ಇದೇ ಹೊತ್ತಿನ ಅಂಕಿ ನೋಡಿದರೆ ವ್ಯಾಪಾರಕ್ಕೆ ಏನೂ ಆಗಿರಲಿಲ್ಲ. 1909ರಲ್ಲಿ 7,960 ಕಾರು. 1910ರಲ್ಲಿ, ಇಷ್ಟೆಲ್ಲ ಜಗಳದ ವರ್ಷದಲ್ಲಿ, 15,020. ರಿಪೇರಿ ಕಾಟದಿಂದ ಕಾರು ಸತ್ತಿತು ಅನ್ನುವವರು ಈ ಅಂಕಿಗಳಿಗೆ ಉತ್ತರ ಕೊಡಬೇಕು. ದಿನಾ ಕೆಡುವ ಕಾರನ್ನು ಪ್ರತಿ ವರ್ಷ ಹೆಚ್ಚು ಹೆಚ್ಚು ಜನ ಯಾಕೆ ಕೊಳ್ಳುತ್ತಾರೆ?

ಹೆಸರು ಅಳಿಸಿದ್ದು

1911ರ ಫೆಬ್ರವರಿಯಲ್ಲಿ ಗಾಡಿ ಕಂಪನಿಯನ್ನೂ ಇ-ಎಂ-ಎಫ್ ಅನ್ನೂ ಸೇರಿಸಿ ಸ್ಟೂಡಿಬೇಕರ್ ಕಾರ್ಪೊರೇಷನ್ ಮಾಡಿದರು. ಅದೇ ವರ್ಷದ ಶುರುವಿನಲ್ಲಿ ಇನ್ನೊಂದು ವ್ಯವಹಾರ ನಡೆದಿತ್ತು. ಫೋರ್ಡ್ ಹೈಲ್ಯಾಂಡ್ ಪಾರ್ಕಿಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಪಿಕೆಟ್ ಕಾರ್ಖಾನೆಯನ್ನು, ಅಂದರೆ ಮಾಡೆಲ್ ಟಿ ಹುಟ್ಟಿದ ಕಟ್ಟಡವನ್ನು, ಸ್ಟೂಡಿಬೇಕರ್ ಕೊಂಡಿತು. ಫ್ಲಾಂಡರ್ಸ್ ಯಂತ್ರ ಜೋಡಿಸಿದ್ದ ಹಳೆಯ ಜಾಗ ಮತ್ತೆ ಅವನ ಕೈಕೆಳಗೆ ಬಂತು. ಆ ಕಟ್ಟಡ ಇಂದು ಮ್ಯೂಸಿಯಂ. ಡೆಟ್ರಾಯಿಟ್ ಕಡೆ ಇರುವ ಕನ್ನಡದವರು ಒಮ್ಮೆ ಹೋಗಿ ಮರದ ನೆಲ ನೋಡಿ ಬರಬಹುದು. ಪಕ್ಕದ ಇ-ಎಂ-ಎಫ್ ಕಾರ್ಖಾನೆ 2005ರಲ್ಲಿ ಬೆಂಕಿಗೆ ಹೋಯಿತು.

ಸ್ಟೂಡಿಬೇಕರ್ ಮಾಲೀಕರಾದ ಮೇಲೆ ಮಾಡಿದ ಒಂದು ಕೆಲಸವನ್ನು ಮೆಚ್ಚಬೇಕು. ಕಾರಿನ ಬಗ್ಗೆ ಅತೃಪ್ತಿ ಇದ್ದ ಗಿರಾಕಿಗಳ ಹತ್ತಿರ ಮೆಕ್ಯಾನಿಕ್‌ಗಳನ್ನು ಕಳಿಸಿ, ಕೆಟ್ಟ ಭಾಗಗಳನ್ನು ಬದಲಿಸಿಕೊಟ್ಟರು. ಇದಕ್ಕೆ 10 ಲಕ್ಷ ಡಾಲರ್ ಖರ್ಚಾಯಿತು ಅಂತ ಹೇಳುತ್ತಾರೆ. ಹಿಂದಿನ ಆಕ್ಸಲ್‌ಗಳೇ ಹೆಚ್ಚು. ಗಾಡಿ ಮಾರಿ 60 ವರ್ಷದಲ್ಲಿ ಗಳಿಸಿದ ಹೆಸರಿಗೆ ಮಸಿ ಬಳಿಯಬಾರದು ಅನ್ನುವ ಆತಂಕ ಇದರ ಹಿಂದಿತ್ತು. ಆತಂಕ ಏನೇ ಇರಲಿ, ಗಿರಾಕಿಯ ಕೆಲಸ ಆಯಿತಲ್ಲ.

ಇಲ್ಲೇ ಒಂದು ವಿಚಿತ್ರ ಇದೆ. ರಿಪೇರಿ ಮಾಡಿಸಿ, ಕಾರನ್ನು ಸುಧಾರಿಸಿ, ಎರಡನೇ ಸ್ಥಾನಕ್ಕೆ ತಂದ ಮೇಲೆ ಅದರ ಹೆಸರು ತೆಗೆದರು. 1913ರ ಮಾಡೆಲ್‌ಗಳಿಗೆ ಬರೀ ಸ್ಟೂಡಿಬೇಕರ್ ಅಂತ ಹೆಸರು. ಅಡ್ಡಹೆಸರಿನ ಕಿರಿಕಿರಿ ಒಂದು ಕಾರಣ ಇರಬಹುದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಎವರಿಟ್ ಇಲ್ಲ, ಮೆಟ್ಸ್‌ಗರ್ ಇಲ್ಲ, ಫ್ಲಾಂಡರ್ಸ್ ಕೂಡ 1912ರಲ್ಲಿ ಬಿಟ್ಟು ಹೋದ. ಬಿಟ್ಟು ಹೋದವರು ಎದುರಾಳಿ ಕಾರು ಮಾಡುತ್ತಿದ್ದಾರೆ. ಅವರ ಅಕ್ಷರಗಳನ್ನು ತನ್ನ ರೇಡಿಯೇಟರ್ ಮೇಲೆ ಹೊತ್ತು ತಿರುಗಲು ಯಾವ ಮಾಲೀಕ ಒಪ್ಪುತ್ತಾನೆ? ಗಿರಾಕಿಗೂ ಅಂಗಡಿಯ ಹೆಸರು ಗೊತ್ತಿತ್ತೇ ಹೊರತು ಮೂರು ಅಕ್ಷರಗಳ ಮೇಲೆ ಅಂಥ ಮೋಹ ಇರಲಿಲ್ಲ. ಬದಲಿಸಿದರೆ ನಷ್ಟವಿಲ್ಲ ಅನ್ನುವ ಸ್ಥಿತಿ 1909ರಲ್ಲೇ ಬಂದಿತ್ತು.

ಇಲ್ಲಿ ಫೋರ್ಡ್ ಜೊತೆ ಹೋಲಿಸಲೇಬೇಕು. ಹೆನ್ರಿ ಫೋರ್ಡ್ 1906ರಲ್ಲಿ ತನ್ನ ದೊಡ್ಡ ಪಾಲುದಾರ ಅಲೆಕ್ಸಾಂಡರ್ ಮ್ಯಾಲ್ಕಮ್ಸನ್‌ನ ಷೇರು ಬಿಡಿಸಿಕೊಂಡ. 1919ರಲ್ಲಿ ಡಾಡ್ಜ್ ಅಣ್ಣತಮ್ಮಂದಿರನ್ನೂ ಸೇರಿಸಿ ಉಳಿದವರ ಷೇರುಗಳನ್ನು ಕೊಂಡ. ಡೀಲರುಗಳು ನೇರ ಅವನ ಕಂಪನಿಯವರು. ಗೇರು, ಆಕ್ಸಲ್ ಬೇರೆಯವರಿಂದ ತರಿಸಿದ ಕಾಲವೂ ಇತ್ತು. ಆದರೆ ಗಿರಾಕಿಯನ್ನು ಮಾತ್ರ ಯಾವತ್ತೂ ಬೇರೆಯವರ ಕೈಗೆ ಕೊಡಲಿಲ್ಲ. ಫ್ಲಾಂಡರ್ಸ್ ಮಾಡಿದ್ದು ಉಲ್ಟಾ. ಬಿಡಿಭಾಗ ಮಾಡುವ ಕಂಪನಿಗಳನ್ನೆಲ್ಲ ಕೊಂಡ, ಅಂಗಡಿಯನ್ನು ಬಿಟ್ಟುಕೊಟ್ಟ. ಕಾರ್ಖಾನೆಯ ಮನುಷ್ಯನಿಗೆ ಕಾರ್ಖಾನೆಯೇ ಕಂಪನಿ ಅನ್ನಿಸುವುದು ಸಹಜ. ಎವರಿಟ್, ಮೆಟ್ಸ್‌ಗರ್ ಹೊರಟ ದಿನ ಆ ಷೇರುಗಳನ್ನು ಅವನು ಹೇಗಾದರೂ ಮಾಡಿ ತಾನೇ ಕೊಳ್ಳಬೇಕಿತ್ತು. ಆಗ ಅಷ್ಟು ದುಡ್ಡು ಅವನ ಹತ್ತಿರ ಎಲ್ಲಿತ್ತು ಅಂತ ಕೇಳಬಹುದು, ಅದೂ ನ್ಯಾಯವೇ.

ಆಮೇಲೆ

ಸ್ಟೂಡಿಬೇಕರ್ ಬಿಟ್ಟ ಫ್ಲಾಂಡರ್ಸ್ ಹೋದದ್ದು ಎಲ್ಲಿಗೆ? ಎವರಿಟ್, ಮೆಟ್ಸ್‌ಗರ್ ಹತ್ತಿರವೇ. ಮೂವರೂ ಮತ್ತೆ ಒಂದಾಗಿ ಫ್ಲಾಂಡರ್ಸ್ ಮೋಟಾರ್ ಕಂಪನಿ ಅಂತ ಶುರುಮಾಡಿ, ಆರು ಸಿಲಿಂಡರಿನ ಕಾರು ತರಲು ಹೊರಟರು. ಅಷ್ಟರಲ್ಲಿ ಹಲವು ಕಾರು ಕಂಪನಿಗಳನ್ನು ಸೇರಿಸಿ ಬೆಂಜಮಿನ್ ಬ್ರಿಸ್ಕೋ ಕಟ್ಟಿದ್ದ ಯುನೈಟೆಡ್ ಸ್ಟೇಟ್ಸ್ ಮೋಟಾರ್ ಕಂಪನಿ 1912ರ ಸೆಪ್ಟೆಂಬರಿನಲ್ಲಿ ಮುಳುಗಿತು. ಅದನ್ನು ಎತ್ತಿ ನಿಲ್ಲಿಸಲು ಬ್ಯಾಂಕಿನವರಿಗೆ ಫ್ಲಾಂಡರ್ಸ್ ಬೇಕಾದ. ಅವನೊಬ್ಬನಿಗಾಗಿ ಅವನ ಹೊಸ ಕಂಪನಿಯನ್ನೇ ಕೊಂಡರು. ಮುಳುಗಿದ್ದರಲ್ಲಿ ಉಳಿಸಬಹುದಾದ ಮ್ಯಾಕ್ಸ್‌ವೆಲ್ ಅನ್ನು ಉಳಿಸಿ 1913ರಲ್ಲಿ ಮ್ಯಾಕ್ಸ್‌ವೆಲ್ ಮೋಟಾರ್ ಕಂಪನಿ ಮಾಡಿದ. ಆರು ಸಿಲಿಂಡರಿನ ಫ್ಲಾಂಡರ್ಸ್ ಕಾರು ಮ್ಯಾಕ್ಸ್‌ವೆಲ್ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅದೇ ಮ್ಯಾಕ್ಸ್‌ವೆಲ್ 1925ರಲ್ಲಿ ಕ್ರೈಸ್ಲರ್ ಆಯಿತು.

1921ರಲ್ಲಿ ಮೂವರೂ ಇನ್ನೊಂದು ಸಲ ಸೇರಿದರು. ಈ ಸಲ ಕಾರಿಗೆ ಇಟ್ಟದ್ದು ಮಹಾಯುದ್ಧದ ಹೆಸರಾಂತ ವಿಮಾನ ಯೋಧ ಎಡ್ಡಿ ರಿಕನ್‌ಬ್ಯಾಕರ್ ಹೆಸರು. ಜಾಹೀರಾತಿಗೆ ಮತ್ತೆ ಪೆಲೆಟಿಯರ್. ನಾಲ್ಕೂ ಚಕ್ರಕ್ಕೆ ಬ್ರೇಕ್ ಕೊಟ್ಟ ಮೊದಮೊದಲ ಮಧ್ಯಮ ಬೆಲೆಯ ಅಮೆರಿಕನ್ ಕಾರುಗಳಲ್ಲಿ ಅದೊಂದು. 1923ರ ಜೂನಿನಲ್ಲಿ ಫ್ಲಾಂಡರ್ಸ್ ವರ್ಜೀನಿಯಾದಲ್ಲಿ ಕಾರು ಅಪಘಾತವಾಗಿ ತೀರಿಕೊಂಡ. ರಿಕನ್‌ಬ್ಯಾಕರ್ ಕಂಪನಿ 1927ರಲ್ಲಿ ಮುಚ್ಚಿತು. ಅದರ ಎಂಜಿನ್ ಮಾಡುವ ಯಂತ್ರಗಳನ್ನು ಡಿಕೆಡಬ್ಲ್ಯೂ ಎಂಬ ಜರ್ಮನ್ ಕಂಪನಿಯ ರಾಸ್ಮುಸೆನ್ ಕೊಂಡು ಜರ್ಮನಿಗೆ ಸಾಗಿಸಿದ. ಅಲ್ಲಿ ತಯಾರಾದ ಎಂಟು ಸಿಲಿಂಡರಿನ ಆ ಎಂಜಿನ್ 1929ರಿಂದ ಆಡಿಯ ಜ್ವಿಕಾವ್ ಕಾರಿನಲ್ಲಿ ಓಡಿತು. ಸ್ಟೂಡಿಬೇಕರ್, ಮ್ಯಾಕ್ಸ್‌ವೆಲ್, ಆಡಿ: ಈ ಗುಂಪು ಮಾಡಿದ ಯಂತ್ರ ಬೇರೆಯವರ ಹೆಸರು ಹೊತ್ತು ಓಡಿದ್ದು ಇದು ಮೂರನೇ ಸಲ.